ಆಕ್ಷನ್ ಪೊಟೆನ್ಷಿಯಲ್ ಬಾಯಿಪಾಠ ಬೇಡ, ಲೆಕ್ಕ ಹಾಕಿ: ನರಕೋಶದ ಅಯಾನ್ ಚಾನೆಲ್ ಅರ್ಥ ಮಾಡ್ಕೊಳ್ಳೋ ದಾರಿ

ಆಕ್ಷನ್ ಪೊಟೆನ್ಷಿಯಲ್, ಅಂದ್ರೆ ನರಕೋಶ ಸುದ್ದಿ ಕಳಿಸುವಾಗ ಅದರ ವೋಲ್ಟೇಜಲ್ಲಿ ಆಗೋ ಕ್ಷಣದ ಜಿಗಿತ (ಸ್ಪೈಕ್ ಅಂತಾನೂ ಕರೀತಾರೆ), ಅದರ ಗ್ರಾಫ್ ಬರಿ ಅಂದ್ರೆ ಫಸ್ಟ್ ಇಯರ್ ಹುಡುಗ್ರು ಕಣ್ಮುಚ್ಕೊಂಡು ಬರೀತಾರೆ. ಮೈನಸ್ 70 ಮಿಲಿವೋಲ್ಟಲ್ಲಿ ಒಂದು ಗೆರೆ, ಸರ್ರಂತ ಮೇಲೆ ಹೋಗೋದು, ಅಷ್ಟೇ ಬೇಗ ಕೆಳಗೆ ಬರೋದು, ಬರುವಾಗ ಸ್ವಲ್ಪ ಜಾಸ್ತಿನೇ ಇಳಿದು ಆಮೇಲೆ ವಾಪಸ್ ಜಾಗಕ್ಕೆ ಸೇರೋದು. ಅದೇ ಹುಡುಗ್ರನ್ನ ಕೂರಿಸ್ಕೊಂಡು ಮೈನಸ್ 70 ಯಾಕೆ, ಮೈನಸ್ 20 ಯಾಕಲ್ಲ, ಮೇಲೆ ಹೋಗಿದ್ದು ಪ್ಲಸ್ 40ರ ಹತ್ರಾನೇ ಯಾಕೆ ನಿಂತ್ಕೊಳ್ತು ಅಂತ ಕೇಳಿ, ಸುಮ್ನಾಗ್ಬಿಡ್ತಾರೆ. ತಪ್ಪು ಅವ್ರದ್ದಲ್ಲ, ನಮ್ಮಲ್ಲಿ ಇದನ್ನ ಕಥೆ ಥರ ಹೇಳ್ಕೊಡ್ತಾರೆ, ಸೋಡಿಯಂ ಒಳಗೆ ಬಂತು ಪೊಟ್ಯಾಸಿಯಂ ಹೊರಗೆ ಹೋಯ್ತು ಅಂತ, ಕಥೆ ಬಾಯಿಗೆ ಬರತ್ತೆ, ಕಾರಣ ಮಾತ್ರ ಕೈಗೆ ಸಿಗಲ್ಲ.

ಕಳೆದ ವರ್ಷ ನಮ್ಮಕ್ಕನ ಮಗಳು ಫಿಸಿಯೋಥೆರಪಿ ಸೇರಿದಾಗ ಅವಳಿಗೆ ಇದನ್ನ ಹೇಳ್ಕೊಡೋಕೆ ಕೂತೆ, ಅವಳ ಜೊತೆ ಇನ್ನಿಬ್ರು ಫ್ರೆಂಡ್ಸೂ ಬರ್ತಿದ್ರು. ಎರಡು ಭಾನುವಾರ ಚಿತ್ರ ಬರೆದು ವಿವರಿಸಿದ್ರೂ ಏನೂ ಪ್ರಯೋಜನ ಆಗ್ಲಿಲ್ಲ, ಮೂರನೇ ಭಾನುವಾರ ಪುಸ್ತಕ ಪಕ್ಕಕ್ಕಿಟ್ಟು ಕ್ಯಾಲ್ಕುಲೇಟರ್ ಕೈಗೆ ಕೊಟ್ಟೆ, ಅವತ್ತು ಅರ್ಥ ಆಯ್ತು. ಆ ದಾರಿನೇ ಇಲ್ಲಿ ಬರೀತಿದೀನಿ. ಬೇಕಾಗಿರೋದು ಲಾಗ್ ಇರೋ ಕ್ಯಾಲ್ಕುಲೇಟರ್ (ಫೋನ್ ಅಡ್ಡ ಹಿಡಿದ್ರೆ ಸಾಮಾನ್ಯವಾಗಿ ಬರತ್ತೆ), ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್, ಮತ್ತೆ ಅರ್ಧ ದಿನ ತಾಳ್ಮೆ. ಮೊದ್ಲು ನಾಲ್ಕು ಸಣ್ಣ ಲೆಕ್ಕ, ಆಮೇಲೆ ಒಂದು ಶೀಟ್. ಶೀಟ್ ಮುಗಿಯೋ ಹೊತ್ತಿಗೆ ಸ್ಪೈಕ್ ತಾನಾಗೇ ಸ್ಕ್ರೀನ್ ಮೇಲೆ ಬಿದ್ದಿರತ್ತೆ, ನೀವು ಅದನ್ನ ಬರೆದಿರಲ್ಲ.

ಕೆರೆ, ತೂಬು, ನೀರುಗಂಟಿ

ಲೆಕ್ಕಕ್ಕೆ ಮುಂಚೆ ಒಂದು ಊರಕೆರೆ ನೆನಪು ಮಾಡ್ಕೊಳ್ಳಿ. ಕೆರೆ ಏರಿಗೆ ತೂಬು ಇರತ್ತೆ, ಅದನ್ನ ಎತ್ತಿ ಇಳಿಸೋಕೆ ನೀರುಗಂಟಿ ಇರ್ತಾನೆ. ಕಾಲುವೆಗೆ ಎಷ್ಟು ನೀರು ಹರಿಯತ್ತೆ ಅನ್ನೋದಕ್ಕೆ ಎರಡೇ ಪ್ರಶ್ನೆ, ತೂಬು ಎಷ್ಟು ತೆಗೆದಿದೆ, ಕೆರೆ ನೀರಿನ ಮಟ್ಟ ಕಾಲುವೆಗಿಂತ ಎಷ್ಟು ಮೇಲಿದೆ. ತೂಬು ಪೂರ್ತಿ ಎತ್ತಿದ್ರೂ ಎರಡೂ ಕಡೆ ಮಟ್ಟ ಸಮ ಇದ್ರೆ ಹನಿ ನೀರು ಹರಿಯಲ್ಲ, ಕೆರೆ ತುಂಬಿ ಕೋಡಿ ಬಿದ್ದಿದ್ರೂ ತೂಬು ಮುಚ್ಚಿದ್ರೆ ಕಾಲುವೆ ಒಣಗೇ ಇರತ್ತೆ. ಅಯಾನ್ ಅಂದ್ರೆ ಸೋಡಿಯಂ, ಪೊಟ್ಯಾಸಿಯಂ ಥರ ಚಾರ್ಜ್ ಇರೋ ಕಣ, ಅಯಾನ್ ಚಾನೆಲ್ ಅಂದ್ರೆ ಈ ತೂಬು. ಕೋಶದ ಗೋಡೆ ಕೊಬ್ಬಿಂದು, ದಪ್ಪ ಬರೀ 4-5 ನ್ಯಾನೋಮೀಟರ್, ಆದ್ರೆ ಚಾರ್ಜ್ ಇರೋ ಅಯಾನ್ ಆ ಕೊಬ್ಬನ್ನ ದಾಟಲ್ಲ, ದಾಟಬೇಕು ಅಂದ್ರೆ ಮಧ್ಯ ಸಿಕ್ಕಿಸಿರೋ ಪ್ರೋಟೀನ್ ಸುರಂಗನೇ ದಾರಿ. ಇಡೀ ವಿಷಯ ಈ ಒಂದು ಸಾಲಲ್ಲಿದೆ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರ್ಕೊಳ್ಳಿ:

ಕರೆಂಟ್ = ತೂಬು ತೆರೆದಿರೋ ಪ್ರಮಾಣ × (ಈಗಿನ ವೋಲ್ಟೇಜ್ − ಆ ಅಯಾನ್‌ನ ಸಮತೋಲನ ವೋಲ್ಟೇಜ್)

ಬ್ರಾಕೆಟ್ ಒಳಗಿರೋದೇ ನೀರಿನ ಮಟ್ಟದ ವ್ಯತ್ಯಾಸ. ಒಂದೇ ಒಂದು ಕಡೆ ಈ ಹೋಲಿಕೆ ಕೆಲಸ ಮಾಡಲ್ಲ, ಮತ್ತೆ ನರಕೋಶದ ವಿಶೇಷ ಇರೋದೇ ಅಲ್ಲಿ: ಕೆರೇಲಿ ತೂಬು ಎತ್ತೋಕೆ ಬೇರೆ ಮನುಷ್ಯ ಬೇಕು, ನರಕೋಶದಲ್ಲಿ ಮಟ್ಟ ಬದಲಾದ್ರೆ ಸಾಕು ತೂಬು ತಾನೇ ತೆಗೆಯತ್ತೆ, ತೂಬು ತೆಗೆದ ಕೂಡ್ಲೇ ಮಟ್ಟ ಮತ್ತೆ ಬದಲಾಗತ್ತೆ. ಇದನ್ನ ಹಾಗೇ ಇಟ್ಕೊಂಡಿರಿ, ಕೊನೆಗೆ ಬೇಕು.

ಒಂದನೇ ಲೆಕ್ಕ

ಸಮತೋಲನ ವೋಲ್ಟೇಜ್ ಅಂದ್ರೆ ಏನು? ಕೋಶದ ಒಳಗೆ ಪೊಟ್ಯಾಸಿಯಂ ಜಾಸ್ತಿ, ಸುಮಾರು 140 ಮಿಲಿಮೋಲಾರ್ (ಸಾಂದ್ರತೆಯ ಅಳತೆ), ಹೊರಗೆ ಬರೀ 5. ತೂಬು ತೆರೆದಿದ್ರೆ ಅದು ಹೊರಗೆ ಸೋರತ್ತೆ. ಆದ್ರೆ ಪ್ರತಿ ಪೊಟ್ಯಾಸಿಯಂ ಜೊತೆಗೂ ಒಂದು ಪ್ಲಸ್ ಚಾರ್ಜ್ ಹೊರಗೆ ಹೋಗತ್ತಲ್ಲ, ಹಾಗಾಗಿ ಒಳಗಡೆ ಮೈನಸ್ ಆಗ್ತಾ ಬರತ್ತೆ, ಆ ಮೈನಸ್ಸು ಹೋಗ್ತಿರೋ ಪೊಟ್ಯಾಸಿಯಂನ ವಾಪಸ್ ಎಳೆಯೋಕೆ ಶುರು ಮಾಡತ್ತೆ. ಸಾಂದ್ರತೆ ಹೊರಗೆ ತಳ್ಳತ್ತೆ, ವೋಲ್ಟೇಜ್ ಒಳಗೆ ಎಳೆಯತ್ತೆ, ಎರಡೂ ಸಮ ಆಗೋ ವೋಲ್ಟೇಜೇ ಸಮತೋಲನ. ಲೆಕ್ಕ ಹಾಕೋಕೆ ನರ್ನ್‌ಸ್ಟ್ ಸೂತ್ರ ಇದೆ, 37 ಡಿಗ್ರಿ ಮೈಬಿಸಿಗೆ ಅದು ಇಷ್ಟೇ:

ವೋಲ್ಟೇಜ್ = 61.5 × ಲಾಗ್(ಹೊರಗೆ ÷ ಒಳಗೆ)

ಪೊಟ್ಯಾಸಿಯಂಗೆ 5 ÷ 140, ಲಾಗ್ ತೆಗೆದ್ರೆ −1.447, 61.5ರಿಂದ ಗುಣಿಸಿದ್ರೆ −89 ಮಿಲಿವೋಲ್ಟ್. ಸೋಡಿಯಂ ಉಲ್ಟಾ, ಹೊರಗೆ 145, ಒಳಗೆ ಸುಮಾರು 12, ಉತ್ತರ +67 ಹತ್ರ ಬರತ್ತೆ. ಕ್ಲೋರೈಡ್ ಮೈನಸ್ ಚಾರ್ಜಿಂದು, ಅದಕ್ಕೆ ಒಳಗೆ ÷ ಹೊರಗೆ ಅಂತ ತಿರುಗಿಸಿ ಹಾಕ್ಬೇಕು. ಕ್ಯಾಲ್ಸಿಯಂಗೆ ಎರಡು ಚಾರ್ಜ್, 61.5ರ ಬದಲು ಅದರ ಅರ್ಧ. ಇವೆರಡನ್ನ ಸದ್ಯಕ್ಕೆ ಬಿಟ್ಬಿಡಿ.

ಈಗ −89 ಮತ್ತೆ +67 ಎರಡನ್ನೂ ಗ್ರಾಫ್ ಪೇಪರಲ್ಲಿ ಮೇಲೊಂದು ಕೆಳಗೊಂದು ಅಡ್ಡಗೆರೆ ಎಳೀರಿ. ಬರೀ ಸೋಡಿಯಂ ಪೊಟ್ಯಾಸಿಯಂ ತೂಬುಗಳಷ್ಟೇ ಇರೋ ಕೋಶದ ವೋಲ್ಟೇಜ್ ಈ ಎರಡು ಗೆರೆ ಮಧ್ಯಾನೇ ಓಡಾಡ್ಬೇಕು. ಸ್ಪೈಕ್ +40ರ ಹತ್ರ ಯಾಕೆ ನಿಲ್ಲತ್ತೆ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಸಿಕ್ತು, ಮೇಲಿನ ಗೆರೆ ಮುಟ್ಟೋಕೆ ಹೋಗ್ತಾ ಇತ್ತು, ಮಧ್ಯದಲ್ಲಿ ಯಾರೋ ತಡೆದ್ರು. ಯಾರು ಅನ್ನೋದು ಮುಂದೆ ಬರತ್ತೆ.

ಎರಡನೇ ಲೆಕ್ಕ

ಎರಡು ತೂಬೂ ಸ್ವಲ್ಪ ಸ್ವಲ್ಪ ತೆರೆದಿದ್ರೆ ಕೋಶ ಯಾವ ವೋಲ್ಟೇಜಲ್ಲಿ ನಿಲ್ಲತ್ತೆ? ಇದಕ್ಕೆ ಗೋಲ್ಡ್‌ಮನ್, ಹಾಜ್ಕಿನ್, ಕಾಟ್ಜ್ ಮೂವರ ಹೆಸರಿನ ಸೂತ್ರ ಇದೆ, ಹೆಸರು ಉದ್ದ ಅಂತ ಹೆದರ್ಬೇಡಿ, ನರ್ನ್‌ಸ್ಟ್ ಸೂತ್ರಾನೇ, ಒಳಗೆ ಎರಡು ಅಯಾನ್‌ನ ಕೂಡಿದೀವಿ, ಕೂಡುವಾಗ ಯಾರ ತೂಬು ಎಷ್ಟು ತೆರೆದಿದೆಯೋ ಅಷ್ಟು ತೂಕ ಕೊಟ್ಟಿದೀವಿ ಅಷ್ಟೇ. ವಿಶ್ರಾಂತಿಯಲ್ಲಿ, ಅಂದ್ರೆ ಸ್ಪೈಕ್ ಇಲ್ಲದ ಹೊತ್ತಲ್ಲಿ, ಪೊಟ್ಯಾಸಿಯಂ ದಾರಿ 1 ಅಂತ ಇಟ್ಕೊಂಡ್ರೆ ಸೋಡಿಯಂ ದಾರಿ 0.04. ಇದು 1949ರಲ್ಲಿ ಹಾಜ್ಕಿನ್ ಮತ್ತು ಕಾಟ್ಜ್ ಸ್ಕ್ವಿಡ್ ಅನ್ನೋ ಸಮುದ್ರಜೀವಿಯ ನರಕ್ಕೆ ಕೊಟ್ಟ ಅನುಪಾತ, ನಮ್ಮ ಲೆಕ್ಕಕ್ಕೆ ಎರವಲು ತಗೊಳ್ತಿದೀವಿ.

ಮೇಲೆ: 5 + 0.04 × 145 = 10.8
ಕೆಳಗೆ: 140 + 0.04 × 12 = 140.48
61.5 × ಲಾಗ್(10.8 ÷ 140.48) = −68.5

ಮೈನಸ್ 70 ಬಂತಲ್ಲ! ಯಾರೂ ಬಾಯಿಪಾಠ ಮಾಡ್ಸಿಲ್ಲ, ಭಾಗಾಕಾರದಿಂದ ಬಂತು. ಈಗ ಅದೇ ಸೂತ್ರದಲ್ಲಿ 0.04 ಅಳಿಸಿ 20 ಹಾಕಿ, ಸ್ಪೈಕ್‌ನ ತುದೀಲಿ ಅವರು ಕೊಟ್ಟ ಅನುಪಾತ ಅದು. 2905 ÷ 380, ಉತ್ತರ +54. ಅಂದ್ರೆ ಒಳಗಿನ ಸಾಂದ್ರತೆ, ಹೊರಗಿನ ಸಾಂದ್ರತೆ ಯಾವುದನ್ನೂ ನಾವು ಮುಟ್ಟಿಲ್ಲ, ತೂಬಿನ ಅನುಪಾತ ಮಾತ್ರ ಬದಲಾಯಿಸಿದ್ವಿ, ವೋಲ್ಟೇಜ್ 120 ಮಿಲಿವೋಲ್ಟ್‌ಗೂ ಜಾಸ್ತಿ ಜಿಗೀತು. ಈ ಬರಹದಿಂದ ಒಂದೇ ಒಂದು ವಿಷಯ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ.

ಇಲ್ಲೇ ಒಂದು ಅಡ್ಡದಾರಿ. ಸೋಡಿಯಂ ಸಣ್ಣ ಅಯಾನ್, ತ್ರಿಜ್ಯ 0.95 ಆಂಗ್‌ಸ್ಟ್ರಾಮ್, ಪೊಟ್ಯಾಸಿಯಂ 1.33. ದೊಡ್ಡದು ಹೋಗೋ ತೂತಲ್ಲಿ ಸಣ್ಣದು ಯಾಕೆ ಹೋಗಲ್ಲ? ಈ ಪ್ರಶ್ನೆ ನನ್ನನ್ನ ಕಾಲೇಜಲ್ಲಿ ಬಹಳ ಕಾಡಿತ್ತು, ಕೇಳಿದ್ರೆ ಸೆಲೆಕ್ಟಿವ್ ಅಂತ ಬರ್ಕೋ ಅಂದಿದ್ರು. ನಿಜವಾದ ಕಾರಣ ಎಷ್ಟು ಚೆಂದ ಇದೆ ನೋಡಿ. ನೀರಲ್ಲಿರೋ ಅಯಾನ್ ಒಂಟಿಯಾಗಿರಲ್ಲ, ಸುತ್ತ ನೀರಿನ ಅಣುಗಳು ಅಂಟ್ಕೊಂಡಿರ್ತವೆ, ಅವುಗಳ ಆಕ್ಸಿಜನ್ ತುದಿ ಅಯಾನ್ ಕಡೆ ಮುಖ ಮಾಡಿರತ್ತೆ. ಚಾನೆಲ್‌ನ ಅತಿ ಕಿರಿದಾದ ಭಾಗ ದಾಟ್ಬೇಕು ಅಂದ್ರೆ ಆ ನೀರನ್ನ ಕಳಚಿಡ್ಬೇಕು, ಕಳಚೋಕೆ ಶಕ್ತಿ ಬೇಕು. ಪೊಟ್ಯಾಸಿಯಂ ಚಾನೆಲ್ ಏನು ಮಾಡತ್ತೆ ಅಂದ್ರೆ, ಆ ಕಿರಿದಾದ ಜಾಗದ ಗೋಡೆಗೆ ತನ್ನದೇ ಆಕ್ಸಿಜನ್‌ಗಳನ್ನ ಸಾಲಾಗಿ ಜೋಡಿಸಿಟ್ಟಿರತ್ತೆ, ಪೊಟ್ಯಾಸಿಯಂ ಸುತ್ತ ನೀರು ಎಷ್ಟು ದೂರದಲ್ಲಿತ್ತೋ ಹೆಚ್ಚುಕಮ್ಮಿ ಅಷ್ಟೇ ದೂರದಲ್ಲಿ. ಹಾಗಾಗಿ ಪೊಟ್ಯಾಸಿಯಂಗೆ ನೀರು ಬಿಟ್ಟಿದ್ದೇ ಗೊತ್ತಾಗಲ್ಲ. ಸೋಡಿಯಂ ಸಣ್ಣದಾದ್ದರಿಂದ ಒಳಗೆ ಬಂದ್ರೂ ಆ ಆಕ್ಸಿಜನ್‌ಗಳು ಎಲ್ಲವೂ ಅದಕ್ಕೆ ಎಟುಕಲ್ಲ, ನೀರು ಕಳ್ಕೊಂಡ ನಷ್ಟ ತುಂಬಲ್ಲ, ಹಾಗಾಗಿ ಒಳಗೆ ಬರದೇ ಹೊರಗೇ ಉಳಿಯತ್ತೆ. ಸಾವಿರಕ್ಕೂ ಹೆಚ್ಚು ಪೊಟ್ಯಾಸಿಯಂ ಹೋದ್ರೆ ಒಂದು ಸೋಡಿಯಂ ತಪ್ಪಿಸ್ಕೊಂಡು ಹೋಗ್ಬೋದು. ಇದನ್ನ ಕಣ್ಣಿಗೆ ಕಾಣೋ ಹಾಗೆ ತೋರಿಸಿದ್ದು ರಾಡ್ರಿಕ್ ಮೆಕಿನನ್ ಮತ್ತು ಜೊತೆಗಾರರು, 1998ರಲ್ಲಿ, ಮಣ್ಣಲ್ಲಿರೋ ಒಂದು ಬ್ಯಾಕ್ಟೀರಿಯಾದ ಪೊಟ್ಯಾಸಿಯಂ ಚಾನೆಲ್‌ನ ರಚನೆ ಎಕ್ಸ್‌ರೇ ಮೂಲಕ ಬಿಡಿಸಿ. 2003ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಮೂರನೇ ಲೆಕ್ಕ, ಎಳನೀರಿಂದು

ಕಿಡ್ನಿ ಕೆಟ್ಟು ಡಯಾಲಿಸಿಸ್ ಮೇಲಿರೋರಿಗೆ ಎಳನೀರು, ಬಾಳೆಹಣ್ಣು ಬೇಡ ಅಂತ ಡಾಕ್ಟ್ರು ಹೇಳೋದು ಎಷ್ಟೋ ಮನೆಗಳಲ್ಲಿ ಗೊತ್ತಿರೋ ವಿಷಯ. ನಮ್ಮ ಕಡೆ ಜ್ವರ ಬಂದ್ರೂ ಎಳನೀರು, ಸುಸ್ತಾದ್ರೂ ಎಳನೀರು, ಅಂಥ ಒಳ್ಳೇ ವಸ್ತುವನ್ನ ಯಾಕೆ ಬೇಡ ಅಂತಾರೆ ಅಂತ ವಯಸ್ಸಾದೋರು ಬೇಜಾರು ಮಾಡ್ಕೊಳ್ತಾರೆ. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಅದನ್ನ ಹೊರಗೆ ಹಾಕಲ್ಲ, ರಕ್ತದಲ್ಲಿ ಏರತ್ತೆ. ಈಗ ನಿಮ್ಮ ಸೂತ್ರದಲ್ಲಿ ಹೊರಗಿನ 5 ಅಳಿಸಿ 8 ಹಾಕಿ. ಪೊಟ್ಯಾಸಿಯಂ ಸಮತೋಲನ −89 ಇದ್ದದ್ದು −76 ಆಗತ್ತೆ, ವಿಶ್ರಾಂತಿ ವೋಲ್ಟೇಜ್ −68.5 ಇದ್ದದ್ದು −62ಕ್ಕೆ ಬರತ್ತೆ. ಒಳಗಿನ 140 ಮುಂದೆ 3 ಜಾಸ್ತಿ ಆಗೋದು ಏನೂ ಅಲ್ಲ, ಹೊರಗಿನ 5ರ ಮುಂದೆ 3 ಜಾಸ್ತಿ ಆಗೋದು ದೊಡ್ಡ ವಿಷಯ, ಲಾಗ್ ಹಾಕಿದವರಿಗೆ ಮಾತ್ರ ಇದು ಮೈಗೆ ಹತ್ತತ್ತೆ.

ಇಲ್ಲಿ ಹುಡುಗ್ರು ಒಂದು ಒಳ್ಳೇ ಪ್ರಶ್ನೆ ಕೇಳ್ತಾರೆ. −62 ಅಂದ್ರೆ ಥ್ರೆಶೋಲ್ಡ್‌ಗೆ (ಸ್ಪೈಕ್ ಶುರುವಾಗೋ ಮಟ್ಟಕ್ಕೆ) ಇನ್ನೂ ಹತ್ರ ಆಯ್ತಲ್ಲ, ನರ ಸ್ನಾಯು ಇನ್ನೂ ಚುರುಕಾಗ್ಬೇಕಿತ್ತು, ಆದ್ರೆ ರೋಗಿಗೆ ಕೈಕಾಲು ಶಕ್ತಿ ಹೋಗತ್ತೆ, ಹೃದಯ ಬಡಿತ ತಪ್ಪತ್ತೆ, ಯಾಕೆ? ಯಾಕಂದ್ರೆ ಸೋಡಿಯಂ ಚಾನೆಲ್‌ಗೆ ಒಂದಲ್ಲ ಎರಡು ಬಾಗಿಲು. ಒಂದು ವೋಲ್ಟೇಜ್ ಏರಿದ್ರೆ ಬೇಗ ತೆರೆಯತ್ತೆ. ಇನ್ನೊಂದು ವೋಲ್ಟೇಜ್ ಏರಿದ್ರೆ ನಿಧಾನವಾಗಿ ಮುಚ್ಕೊಳ್ಳತ್ತೆ, ಮತ್ತೆ ವೋಲ್ಟೇಜ್ ಚೆನ್ನಾಗಿ ಕೆಳಗಿಳಿಯೋವರ್ಗೂ ತೆರೆಯಲ್ಲ. ಹೊರಗಿನ ಪೊಟ್ಯಾಸಿಯಂ ಏರಿ ಕೋಶ ದಿನವಿಡೀ −62ರಲ್ಲೇ ಕೂತಿದ್ರೆ ಎರಡನೇ ಬಾಗಿಲುಗಳು ಬಹಳಷ್ಟು ಮುಚ್ಚಿಯೇ ಇರ್ತವೆ, ಕರೆ ಬಂದಾಗ ಓಡೋಕೆ ಸೋಡಿಯಂ ಚಾನೆಲ್ಲೇ ಸಾಲಲ್ಲ. ಈ ಎರಡನೇ ಬಾಗಿಲನ್ನ ಬಿಟ್ಟು ಪಾಠ ಮಾಡಿದ್ರೆ ಮುಂದಿಂದು ಯಾವುದೂ ಅರ್ಥ ಆಗಲ್ಲ.

ನಾಲ್ಕನೇ ಲೆಕ್ಕ, ಎಷ್ಟು ಅಯಾನ್ ದಾಟ್ತು?

ಬಹಳ ಜನ ಅಂದ್ಕೊಂಡಿರೋದು ಏನಂದ್ರೆ ಸ್ಪೈಕ್ ಆದಾಗ ಸೋಡಿಯಂ ಎಲ್ಲಾ ಒಳಗೆ ನುಗ್ಗಿ ಪೊಟ್ಯಾಸಿಯಂ ಎಲ್ಲಾ ಹೊರಗೆ ಹೋಗಿಬಿಡತ್ತೆ, ಆಮೇಲೆ ಪಂಪ್ (ಅಯಾನ್ ವಾಪಸ್ ತಳ್ಳೋ ಇನ್ನೊಂದು ಪ್ರೋಟೀನ್) ಬಂದು ಸರಿ ಮಾಡಿ ವೋಲ್ಟೇಜ್ ವಾಪಸ್ ಇಳಿಸತ್ತೆ ಅಂತ. ಎರಡೂ ತಪ್ಪು, ಲೆಕ್ಕ ಹಾಕಿ ನೋಡೋಣ. ಕೋಶದ ಗೋಡೆ ಕೆಪಾಸಿಟರ್ ಥರ, ಚದರ ಸೆಂಟಿಮೀಟರ್‌ಗೆ 1 ಮೈಕ್ರೋಫ್ಯಾರಡ್. 100 ಮಿಲಿವೋಲ್ಟ್ ಬದಲಾಯಿಸೋಕೆ ಅಷ್ಟು ಜಾಗಕ್ಕೆ ಬೇಕಾಗೋದು ಸುಮಾರು 60,000 ಕೋಟಿ ಅಯಾನ್. ಜಾಸ್ತಿ ಅನ್ಸತ್ತೆ ಅಲ್ವಾ, ಆದ್ರೆ 20 ಮೈಕ್ರೋಮೀಟರ್ ಅಗಲದ ಒಂದು ದುಂಡು ಕೋಶದ ಮೇಲ್ಮೈ ತಗೊಂಡ್ರೆ ಅದು ಬರೀ 78 ಲಕ್ಷಕ್ಕೆ ಇಳಿಯತ್ತೆ. ಅದೇ ಕೋಶದೊಳಗೆ ಇರೋ ಪೊಟ್ಯಾಸಿಯಂ 35,000 ಕೋಟಿ. ಅಂದ್ರೆ ಸುಮಾರು 45,000ದಲ್ಲಿ ಒಂದು. ನಿಜವಾದ ಸ್ಪೈಕಲ್ಲಿ ಸೋಡಿಯಂ ಬರೋದು ಪೊಟ್ಯಾಸಿಯಂ ಹೋಗೋದು ಸ್ವಲ್ಪ ಹೊತ್ತು ಒಟ್ಟೊಟ್ಟಿಗೇ ನಡೆಯೋದ್ರಿಂದ ಇದಕ್ಕಿಂತ ಕೆಲವು ಪಟ್ಟು ಜಾಸ್ತಿ ದಾಟ್ಬೋದು, ಆದ್ರೂ ಕೆರೆಯಿಂದ ಒಂದು ಚೊಂಬು ನೀರು ತೆಗೆದ ಹಾಗೆ.

ಪಂಪ್ ಬೇಡವೇ ಬೇಡ ಅಂತಲ್ಲ. ಒಂದು ಎಟಿಪಿ (ಕೋಶದ ಇಂಧನದ ಅಣು) ಖರ್ಚು ಮಾಡಿ 3 ಸೋಡಿಯಂ ಆಚೆ, 2 ಪೊಟ್ಯಾಸಿಯಂ ಈಚೆ ಹಾಕ್ತಾ ಗಂಟೆಗಟ್ಟಲೆ ದುಡಿದು ಕೆರೆ ತುಂಬಿಸಿಟ್ಟಿರೋದು ಅದೇ. ಆದ್ರೆ ಅದರ ವೇಗ ಸೆಕೆಂಡಿಗೆ ನೂರಾರು ಅಯಾನ್, ತೆರೆದ ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ ಅರವತ್ತು ಲಕ್ಷ, ಕೋಟಿ ಲೆಕ್ಕದಲ್ಲಿ ಹರಿಯತ್ತೆ. ಒಂದೆರಡು ಮಿಲಿಸೆಕೆಂಡಲ್ಲಿ ಮುಗಿಯೋ ಸ್ಪೈಕ್‌ನ ಇಳಿಸೋ ಕೆಲಸ ಪಂಪಿಂದ ಆಗೋ ಮಾತಲ್ಲ. ಪರೀಕ್ಷೇಲಿ ಇದನ್ನ ತಪ್ಪು ಬರೀಬೇಡಿ.

ಈಗ ಸ್ಕ್ವಿಡ್

ಸ್ಕ್ವಿಡ್ ಅಂದ್ರೆ ಮಂಗಳೂರು ಉಡುಪಿ ಕಡೆ ಬೊಂಡಾಸ್ ಅಂತಾರಲ್ಲ ಆ ಗುಂಪಿನ ಪ್ರಾಣಿ. ಅಪಾಯ ಬಂದಾಗ ನೀರು ಚಿಮ್ಮಿ ಹಿಂದಕ್ಕೆ ಹಾರೋಕೆ ಅದಕ್ಕೆ ತುಂಬಾ ದಪ್ಪದ ನರತಂತು ಇದೆ, ಅರ್ಧ ಮಿಲಿಮೀಟರ್, ಕೆಲವು ಸಲ ಅದಕ್ಕೂ ಜಾಸ್ತಿ, ಒಳಗೆ ತಂತಿ ತೂರಿಸ್ಬೋದು. 1939ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಅಲನ್ ಹಾಜ್ಕಿನ್ ಮತ್ತು ಆಂಡ್ರೂ ಹಕ್ಸ್‌ಲಿ ಇದರೊಳಗೆ ಎಲೆಕ್ಟ್ರೋಡ್ ಇಳಿಸಿ ಸ್ಪೈಕ್ ಅಳೆದ್ರು, ವೋಲ್ಟೇಜ್ ಬರೀ ಸೊನ್ನೆಗೆ ಬರಲ್ಲ, ಸೊನ್ನೆ ದಾಟಿ ಪ್ಲಸ್‌ಗೆ ಹೋಗತ್ತೆ ಅಂತ ಗೊತ್ತಾಯ್ತು. ಅಷ್ಟರಲ್ಲಿ ಯುದ್ಧ. ಯುದ್ಧ ಮುಗಿದ ಮೇಲೆ ವೋಲ್ಟೇಜ್ ಕ್ಲ್ಯಾಂಪ್ ಅನ್ನೋ ಉಪಾಯ ಬಳಸಿದ್ರು, ಅಮೆರಿಕದ ಕೆನೆತ್ ಕೋಲ್ ಕಡೆಯಿಂದ ಬಂದ ವಿಧಾನ. ಮೊದಲು ಇಟ್ಕೊಂಡಿರಿ ಅಂದಿದ್ನಲ್ಲ, ಮಟ್ಟ ತೂಬನ್ನ ಬದಲಾಯಿಸತ್ತೆ, ತೂಬು ಮಟ್ಟನ ಬದಲಾಯಿಸತ್ತೆ ಅಂತ, ಈ ಸುತ್ತು ಇರೋವರ್ಗೂ ಯಾವುದನ್ನೂ ಬಿಡಿಯಾಗಿ ಅಳೆಯೋಕಾಗಲ್ಲ. ಕ್ಲ್ಯಾಂಪ್ ಮಾಡೋದು ಇಷ್ಟೇ, ಹೊರಗಿಂದ ಕರೆಂಟ್ ಕೊಟ್ಟು ವೋಲ್ಟೇಜನ್ನ ಒಂದು ಕಡೆ ಗಟ್ಟಿಯಾಗಿ ಹಿಡಿದಿಡೋದು, ಆಗ ತೂಬು ಮಾತ್ರ ಬದಲಾಗತ್ತೆ, ಅದನ್ನ ನೆಮ್ಮದಿಯಾಗಿ ಅಳೀಬೋದು. ಅಳೆದು, ಸಮೀಕರಣ ಬರೆದು, 1952ರಲ್ಲಿ ಪ್ರಕಟಿಸಿದ್ರು. ಆಗ ಚಾನೆಲ್ ಅನ್ನೋ ಪ್ರೋಟೀನನ್ನ ಯಾರೂ ನೋಡಿರ್ಲಿಲ್ಲ. ಕೇಂಬ್ರಿಜ್‌ನ ಕಂಪ್ಯೂಟರ್ ಆಗ ಸಿಗದೇ ಇದ್ದದ್ದಕ್ಕೆ ಹಕ್ಸ್‌ಲಿ ಕೈಯಲ್ಲಿ ತಿರುಗಿಸೋ ಕ್ಯಾಲ್ಕುಲೇಟರಲ್ಲಿ ಇಡೀ ಸ್ಪೈಕ್ ಲೆಕ್ಕ ಹಾಕಿದ್ರು, ನರದುದ್ದಕ್ಕೂ ಓಡೋ ಸ್ಪೈಕ್‌ಗೆ ವಾರಗಟ್ಟಲೆ ಹಿಡೀತು. ಲೆಕ್ಕದಿಂದ ಬಂದ ವೇಗ ಸೆಕೆಂಡಿಗೆ 18.8 ಮೀಟರ್, ನಿಜವಾದ ನರದಲ್ಲಿ ಅಳೆದದ್ದು 21.2. ಇದನ್ನ ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. 1963ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ಜಾನ್ ಎಕಲ್ಸ್ ಜೊತೆ.

ಅವರು ಕೈಯಲ್ಲಿ ಮಾಡಿದ್ದನ್ನ ನೀವು ಶೀಟಲ್ಲಿ ಮಾಡಿ, ಓಡೋ ಸ್ಪೈಕ್ ಬೇಡ, ಒಂದೇ ಜಾಗದ್ದು ಸಾಕು. ಕಾಲಮ್‌ಗಳು ಹೀಗೆ: ಸಮಯ, ವಿ (ವೋಲ್ಟೇಜ್), ಎಂ, ಎಚ್, ಎನ್, ಹೊರಗಿಂದ ಕೊಡೋ ಕರೆಂಟ್, ಸೋಡಿಯಂ ಕರೆಂಟ್, ಪೊಟ್ಯಾಸಿಯಂ ಕರೆಂಟ್, ಲೀಕ್ ಕರೆಂಟ್. ಎಂ ಅಂದ್ರೆ ಸೋಡಿಯಂನ ಬೇಗ ತೆರೆಯೋ ಬಾಗಿಲು, ಎಚ್ ಅಂದ್ರೆ ನಿಧಾನವಾಗಿ ಮುಚ್ಚೋ ಆ ಎರಡನೇ ಬಾಗಿಲು, ಎನ್ ಪೊಟ್ಯಾಸಿಯಂಂದು, ಅದೂ ನಿಧಾನ. ಮೂರೂ 0ಯಿಂದ 1ರ ಒಳಗಿರ್ತವೆ. ಲೀಕ್ ಅಂದ್ರೆ ಯಾವಾಗ್ಲೂ ಇರೋ ಸಣ್ಣ ಸೋರಿಕೆ. ಮೊದಲ ಸಾಲಲ್ಲಿ ವಿ −65, ಎಂ 0.053, ಎಚ್ 0.596, ಎನ್ 0.318. ಕರೆಂಟ್‌ಗಳು:

ಸೋಡಿಯಂ = 120 × ಎಂ × ಎಂ × ಎಂ × ಎಚ್ × (ವಿ − 50)
ಪೊಟ್ಯಾಸಿಯಂ = 36 × ಎನ್ × ಎನ್ × ಎನ್ × ಎನ್ × (ವಿ + 77)
ಲೀಕ್ = 0.3 × (ವಿ + 54.4)

ನೋಡಿ, ಮೊದಲ ಪುಟದಲ್ಲಿ ಬರ್ಕೊಂಡ ಸಾಲೇ ಮೂರು ಸಲ ಬಂದಿದೆ. ನಮ್ಮ +67, −89 ಬದಲು +50, −77 ಯಾಕೆ ಅಂದ್ರೆ ಇದು ಸ್ಕ್ವಿಡ್, ಅದರ ರಕ್ತದಲ್ಲಿ ಸಮುದ್ರದ ಥರ ಸೋಡಿಯಂ 440ರಷ್ಟಿರತ್ತೆ, ಕೋಶದೊಳಗಿನ ಸಾಂದ್ರತೆಯೂ ಬೇರೆ, ತಾಪಮಾನ 6.3 ಡಿಗ್ರಿ. ಎಂ ಮೂರು ಸಲ ಗುಣಿಸಿರೋದಕ್ಕೆ ಅರ್ಥ, ಮೂರು ಚಿಲಕ ಒಟ್ಟಿಗೆ ತೆಗೆದ್ರೆ ಮಾತ್ರ ಬಾಗಿಲು ತೆರೆಯತ್ತೆ ಅಂತ. ಈಗ ಬಾಗಿಲುಗಳು ತೆರೆಯೋ ಮುಚ್ಚೋ ದರ, ಇಲ್ಲಿ ಎಕ್ಸ್‌ಪ್ ಅಂದ್ರೆ ಶೀಟಲ್ಲಿರೋ ಎಕ್ಸ್‌ಪೊನೆನ್ಷಿಯಲ್ ಫಂಕ್ಷನ್:

ಎಂ ತೆರೆಯೋ ದರ = 0.1 × (ವಿ + 40) ÷ (1 − ಎಕ್ಸ್‌ಪ್(−(ವಿ + 40) ÷ 10))
ಎಂ ಮುಚ್ಚೋ ದರ = 4 × ಎಕ್ಸ್‌ಪ್(−(ವಿ + 65) ÷ 18)
ಎಚ್ ತೆರೆಯೋ ದರ = 0.07 × ಎಕ್ಸ್‌ಪ್(−(ವಿ + 65) ÷ 20)
ಎಚ್ ಮುಚ್ಚೋ ದರ = 1 ÷ (1 + ಎಕ್ಸ್‌ಪ್(−(ವಿ + 35) ÷ 10))
ಎನ್ ತೆರೆಯೋ ದರ = 0.01 × (ವಿ + 55) ÷ (1 − ಎಕ್ಸ್‌ಪ್(−(ವಿ + 55) ÷ 10))
ಎನ್ ಮುಚ್ಚೋ ದರ = 0.125 × ಎಕ್ಸ್‌ಪ್(−(ವಿ + 65) ÷ 80)

ಇವಕ್ಕೂ ಆರು ಕಾಲಮ್ ಪಕ್ಕದಲ್ಲಿ ಇಟ್ಕೊಳ್ಳಿ, ಒಂದೇ ಸೆಲ್‌ಗೆ ಎಲ್ಲಾ ತುರುಕಿದ್ರೆ ತಪ್ಪು ಹುಡುಕೋಕಾಗಲ್ಲ. ಎರಡನೇ ಸಾಲಿನಿಂದ:

ಹೊಸ ವಿ = ಹಳೇ ವಿ + 0.01 × (ಹೊರಗಿನ ಕರೆಂಟ್ − ಸೋಡಿಯಂ − ಪೊಟ್ಯಾಸಿಯಂ − ಲೀಕ್)
ಹೊಸ ಎಂ = ಹಳೇ ಎಂ + 0.01 × (ತೆರೆಯೋ ದರ × (1 − ಹಳೇ ಎಂ) − ಮುಚ್ಚೋ ದರ × ಹಳೇ ಎಂ)

ಎಚ್, ಎನ್‌ಗೂ ಹಾಗೇ. 0.01 ಅಂದ್ರೆ ಒಂದು ಸಾಲಿಗೆ ನೂರನೇ ಒಂದು ಮಿಲಿಸೆಕೆಂಡ್, 3000 ಸಾಲು ಕೆಳಗೆ ಎಳೆದ್ರೆ 30 ಮಿಲಿಸೆಕೆಂಡ್. 120, 36, 0.3 ಈ ಮೂರನ್ನ ಮೇಲೆ ಬೇರೆ ಸೆಲ್‌ಗಳಲ್ಲಿ ಇಟ್ಟು ಡಾಲರ್ ಗುರುತು ಹಾಕಿ ಲಾಕ್ ಮಾಡಿ, ಆಮೇಲೆ ಬದಲಾಯಿಸ್ತಾ ಆಡ್ಬೇಕಲ್ಲ.

ಕೆಳಗೆ ಎಳೆಯೋ ಮುಂಚೆ ಮೊದಲ ಸಾಲು ಚೆಕ್ ಮಾಡ್ಲೇಬೇಕು, ನಮ್ಮ ಹುಡುಗೀರು ಮೂವರೂ ಎಡವಿದ್ದು ಇಲ್ಲೇ. ಎಂ ತೆರೆಯೋ ದರ 0.22, ಮುಚ್ಚೋದು 4 ಬರ್ಬೇಕು. ಸೋಡಿಯಂ ಕರೆಂಟ್ ಸುಮಾರು −1.2, ಪೊಟ್ಯಾಸಿಯಂ +4.4, ಲೀಕ್ −3.2, ಕೂಡಿದ್ರೆ ಹೆಚ್ಚುಕಮ್ಮಿ ಸೊನ್ನೆ. ಸೊನ್ನೆ ಬರ್ಲಿಲ್ಲ ಅಂದ್ರೆ ಎಲ್ಲೋ ಒಂದು ಮೈನಸ್ ಗುರುತು ಬಿಟ್ಟೋಗಿದೆ, ಸಾಮಾನ್ಯವಾಗಿ ಎಕ್ಸ್‌ಪ್ ಒಳಗಿನ ಮೈನಸ್. ಸೋಡಿಯಂ ಕರೆಂಟ್ ಮೈನಸ್ ಬಂತಲ್ಲ ಅಂತ ಗಾಬರಿ ಬೇಡ, ಒಳಗೆ ಬರೋ ಪ್ಲಸ್ ಚಾರ್ಜ್‌ಗೆ ಮೈನಸ್ ಅಂತ ಬರೆಯೋದು ಈ ಕ್ಷೇತ್ರದ ರೂಢಿ.

ಈಗ 2ನೇ ಮಿಲಿಸೆಕೆಂಡಿಂದ 3ನೇದರವರೆಗೆ ಹೊರಗಿನ ಕರೆಂಟ್ ಕಾಲಮಲ್ಲಿ 3 ಹಾಕಿ, ಉಳಿದ ಕಡೆ 0. ಸಮಯ ಮತ್ತು ವಿ ಎರಡನ್ನ ಸೆಲೆಕ್ಟ್ ಮಾಡಿ ಗ್ರಾಫ್ ಹಾಕಿ. ಗೆರೆ ಸ್ವಲ್ಪ ಉಬ್ಬಿ ವಾಪಸ್ ಕೂರತ್ತೆ. 3 ಅಳಿಸಿ 20 ಹಾಕಿ, ಪೂರ್ತಿ ಸ್ಪೈಕ್! 30 ಹಾಕಿ, ಎತ್ತರ ಹೆಚ್ಚುಕಮ್ಮಿ ಅಷ್ಟೇ. ಆಲ್ ಆರ್ ನನ್ (ಬಂದ್ರೆ ಪೂರ್ತಿ, ಇಲ್ಲಾಂದ್ರೆ ಇಲ್ಲ) ಅಂತ ಬರೀತೀವಲ್ಲ ಅದು ಇದು. ಎಂ, ಎಚ್, ಎನ್ ಮೂರನ್ನೂ ಅದೇ ಗ್ರಾಫ್ ಕೆಳಗೆ ಇನ್ನೊಂದು ಗ್ರಾಫಲ್ಲಿ ಹಾಕಿ ನೋಡಿ, ಮೊದ್ಲು ಎಂ ಜಿಗಿಯತ್ತೆ, ಅದು ವೋಲ್ಟೇಜ್ ಏರಿಸತ್ತೆ, ಏರಿದ ವೋಲ್ಟೇಜ್ ಇನ್ನಷ್ಟು ಎಂ ತೆರೆಸತ್ತೆ, ಬೆಂಕಿ ಹತ್ತಿದ ಹುಲ್ಲಿನ ಬಣವೆ ಥರ. ಅಷ್ಟರಲ್ಲಿ ಹಿಂದೆಯಿಂದ ಎಚ್ ಇಳಿಯತ್ತೆ, ಎನ್ ಏರತ್ತೆ. ಮೇಲಿನ ಗೆರೆ ಮುಟ್ಟೋಕೆ ಬಿಡದೇ ತಡೆದವರು ಇವರಿಬ್ರೇ. ಸ್ಪೈಕ್ ಕೆಳಗೆ ಬಂದ ಮೇಲೂ ಎನ್ ತಕ್ಷಣ ಮುಚ್ಚಲ್ಲ, ಅದಕ್ಕೇ ಗೆರೆ −65ಕ್ಕಿಂತ ಕೆಳಗೆ, −77ರ ಹತ್ರಕ್ಕೆ ಹೋಗಿ ಬರತ್ತೆ.

ಇನ್ನು ಬೇಕಾದ ಹಾಗೆ ಬದಲಾಯಿಸಿ. 120ನ್ನ 0 ಮಾಡಿ, ಸ್ಪೈಕ್ ಇಲ್ಲ. ಪಫರ್ ಮೀನಿನ ವಿಷ ಟೆಟ್ರೊಡೊಟಾಕ್ಸಿನ್ ಮಾಡೋದು ಇದನ್ನೇ, ಸೋಡಿಯಂ ಚಾನೆಲ್ ಬಾಯಿಗೆ ಹೊರಗಿಂದ ಬಿರಡೆ ಹಾಕತ್ತೆ, ಉಸಿರಾಟದ ಸ್ನಾಯುಗೆ ಸುದ್ದಿ ತಲುಪಲ್ಲ. ಹಲ್ಲಿನ ಡಾಕ್ಟ್ರು ಕೊಡೋ ಲಿಡೊಕೇನ್ ಕೂಡ ಸೋಡಿಯಂ ಚಾನೆಲ್ ಮುಚ್ಚತ್ತೆ, ಆದ್ರೆ ಒಳಗಿಂದ. ಮೊದ್ಲು ಚಾರ್ಜ್ ಇಲ್ಲದ ರೂಪದಲ್ಲಿ ಕೊಬ್ಬಿನ ಗೋಡೆ ದಾಟಿ ಒಳಗೆ ಹೋಗ್ಬೇಕು, ಕೀವು ತುಂಬಿದ ಜಾಗ ಆಮ್ಲೀಯ, ಅಲ್ಲಿ ಔಷಧದ ಬಹುಪಾಲು ಚಾರ್ಜ್ ಹಿಡ್ಕೊಂಡು ಹೊರಗೇ ನಿಂತ್ಬಿಡತ್ತೆ, ಹಲ್ಲಿನ ಬುಡ ಕೀವಾದಾಗ ಇಂಜೆಕ್ಷನ್ ಸರಿಯಾಗಿ ಹಿಡಿಯದೇ ಇರೋದಕ್ಕೆ ಅದೊಂದು ಕಾರಣ. 36ನ್ನ ಕಮ್ಮಿ ಮಾಡ್ತಾ ಬನ್ನಿ, ಸ್ಪೈಕ್ ಇಳಿಯೋದು ನಿಧಾನ ಆಗತ್ತೆ, ವಿಶ್ರಾಂತಿ ಗೆರೇನೂ ಮೇಲಕ್ಕೆ ಸರಿಯತ್ತೆ, ಯಾಕಂದ್ರೆ ಅದನ್ನ ಕೆಳಗೆ ಹಿಡಿದಿದ್ದೇ ಪೊಟ್ಯಾಸಿಯಂ.

ಮೊದಲ ಏಟಾದ 5 ಮಿಲಿಸೆಕೆಂಡಿಗೆ ಇನ್ನೊಂದು 20 ಕೊಡಿ, ಎರಡನೇ ಸ್ಪೈಕ್ ಬರಲ್ಲ. 20 ಮಿಲಿಸೆಕೆಂಡ್ ಬಿಟ್ಟು ಕೊಡಿ, ಬರತ್ತೆ. ಎರಡೂ ಸಲ ಆ ಹೊತ್ತಿಗೆ ಎಚ್ ಎಷ್ಟಿತ್ತು, ಎನ್ ಎಷ್ಟಿತ್ತು ಅಂತ ಆ ಸಾಲಿಗೇ ಹೋಗಿ ಓದಿ, ರಿಫ್ರ್ಯಾಕ್ಟರಿ ಪೀರಿಯಡ್‌ಗೆ (ಒಂದು ಸ್ಪೈಕ್ ಆದ ಮೇಲೆ ಇನ್ನೊಂದು ಬರದ ಹೊತ್ತಿಗೆ) ಬೇರೆ ವಿವರಣೆ ಬೇಕಾಗಲ್ಲ. ನರದಲ್ಲಿ ಸ್ಪೈಕ್ ಮುಂದಕ್ಕೆ ಮಾತ್ರ ಓಡೋದು, ಹಿಂದಕ್ಕೆ ತಿರುಗದೇ ಇರೋದು ಕೂಡ ಇದೇ ಕಾರಣಕ್ಕೆ, ಬಂದ ದಾರೀಲಿ ಎಚ್ ಬಾಗಿಲುಗಳು ಇನ್ನೂ ಮುಚ್ಚಿರ್ತವೆ.

ಕೊನೇದಾಗಿ ಒಂದು ಪ್ರಯೋಗ, ಇದನ್ನ ಮಾಡೋ ಮುಂಚೆ ಏನಾಗತ್ತೆ ಅಂತ ಪೇಪರಲ್ಲಿ ಬರೆದಿಟ್ಕೊಳ್ಳಿ. 4000 ಸಾಲಿಗೆ ಎಳೆದು, ಮೊದಲ 20 ಮಿಲಿಸೆಕೆಂಡ್ ಪೂರ್ತಿ ಹೊರಗಿನ ಕರೆಂಟ್ −10 ಕೊಡಿ, ಆಮೇಲೆ 0. ಅಂದ್ರೆ ನರವನ್ನ ಕೆರಳಿಸ್ತಿಲ್ಲ, ಕೆಳಗೆ ಅದುಮಿ ಹಿಡಿದು ಬಿಡ್ತಿದೀವಿ ಅಷ್ಟೇ. ವೋಲ್ಟೇಜ್ −88ರ ಹತ್ರ ಹೋಗಿ ಕೂರತ್ತೆ. ಕೈ ಬಿಟ್ಟ ಮೇಲೆ ಸುಮ್ನೆ −65ಕ್ಕೆ ಬಂದು ನಿಲ್ಲತ್ತೆ ಅಂತ ನಮ್ಮ ಹುಡುಗೀರು ಮೂವರೂ ಬರೆದಿದ್ರು. ನಿಲ್ಲಲ್ಲ, ಪೂರ್ತಿ ಸ್ಪೈಕ್ ಹೊಡೆಯತ್ತೆ. 20ನೇ ಮಿಲಿಸೆಕೆಂಡಿನ ಸಾಲಿಗೆ ಹೋಗಿ ನೋಡಿ, 0.6 ಇದ್ದ ಎಚ್ 0.9 ದಾಟಿರತ್ತೆ, 0.32 ಇದ್ದ ಎನ್ 0.1ರ ಹತ್ರಕ್ಕೆ ಇಳಿದಿರತ್ತೆ. ಅದುಮಿ ಹಿಡಿದಿದ್ದ ಹೊತ್ತಲ್ಲಿ ಸೋಡಿಯಂನ ಎರಡನೇ ಬಾಗಿಲು ಎಲ್ಲಾ ತೆರ್ಕೊಂಡು ರೆಡಿಯಾಗಿದ್ವು, ತಡೆಯೋಕೆ ಬೇಕಾದ ಪೊಟ್ಯಾಸಿಯಂ ತೂಬು ಮುಚ್ಚಿತ್ತು, ಮೇಲೆ ಬರ್ತಾ ದಾರೀಲಿ ಎಂ ತೆರೆದಿದ್ದಷ್ಟೇ ಸಾಕಾಯ್ತು.